ಗೋಡೆಗೆ ಮುಖ ಮಾಡಿ ಕೇಳಿದ ಮೂರನೆಯ ತಂತಿ

ನಮ್ಮ ಸೀಮೆಯ ರಸಮಂಜರಿ ತಂಡಗಳಲ್ಲಿ ಗಿಟಾರಿನ ಒಂದು ತಂತಿ ಕಿರುಚಿ ಇನ್ನೊಂದು ಮೂಕವಾದಾಗಲೆಲ್ಲ ಅದರ ಶಿಕ್ಷೆಯನ್ನು ಅನುಭವಿಸಿದವರು ನುಡಿಸಿದವರು. ಗಿಟಾರನ್ನು ಮಾರಿದವರಲ್ಲ, ಬಾಡಿಗೆಗೆ ಕೊಟ್ಟವರಲ್ಲ, ಅದಕ್ಕೆ ಒಪ್ಪದ ತಂತಿಯನ್ನು ಏರಿಸಿದವರೂ ಅಲ್ಲ. ಹಂಸಭಾವಿಯ ಶಕುಂತಲಾ ಈ ಹೊತ್ತಿಗೂ ಆ ಶಿಕ್ಷೆಯಲ್ಲಿದ್ದಾರೆ. ಹಿರೇಕೆರೂರಿನ ತಂಡವೊಂದರಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದ ಅವರನ್ನು ಕೋರಸ್ಸಿನ ಸಾಲಿಗೆ ಸರಿಸಿ, ಕೈಗೊಂದು ಖಂಜರಿ ಕೊಟ್ಟಿದ್ದಾರೆ. ಅವರ ಕೈಯಲ್ಲಿ ದೋಷವಿರಲಿಲ್ಲ ಎಂಬುದನ್ನು ನಾನು ಬಲ್ಲೆ, ಏಕೆಂದರೆ ಆ ಗಿಟಾರನ್ನು ಬಿಚ್ಚಿ ನೋಡಿದವಳು ನಾನು.

ಶಿಗ್ಗಾಂವಿಯಲ್ಲಿ ಧ್ವನಿವರ್ಧಕ ಮತ್ತು ವಾದ್ಯಗಳನ್ನು ಬಾಡಿಗೆಗೆ ಕೊಡುವ ಮಳಿಗೆಯೊಂದರ ದುರಸ್ತಿ ಕೋಣೆಯಲ್ಲಿ ನನ್ನ ದುಡಿಮೆಯ ಬದುಕೆಲ್ಲ ಕಳೆಯಿತು. ಹಾನಗಲ್, ಸವಣೂರು, ಹಿರೇಕೆರೂರು, ಶಿಗ್ಗಾಂವಿ ತಾಲ್ಲೂಕುಗಳ ಮದುವೆ, ಉರುಸು, ಗಣೇಶೋತ್ಸವಗಳಲ್ಲಿ ಹಾಡುವ ತಂಡಗಳಿಗೆ ಗಿಟಾರು, ಕೀಬೋರ್ಡು, ಆಂಪ್ಲಿಫೈಯರುಗಳು ನಮ್ಮಲ್ಲಿಂದಲೇ ಹೋಗುತ್ತಿದ್ದವು. ನಾನು ಐಟಿಐನಲ್ಲಿ ರೇಡಿಯೊ ದುರಸ್ತಿ ಕಲಿತು ಬಂದವಳು. ಒಬ್ಬ ಹೆಂಗಸು ಬೆಸುಗೆ ಹಾಕುವ ಕಾವುಕಡ್ಡಿ ಹಿಡಿದು ಕೂತಿರುವುದನ್ನು ನೋಡಲೆಂದೇ ಬಾಗಿಲಲ್ಲಿ ನಿಲ್ಲುವವರು ಮೊದಮೊದಲು ಬಹಳ ಜನ ಇದ್ದರು. ಆ ಕೋಣೆಯಲ್ಲಿ ನನಗೆ ಬಡ್ತಿ ಸಿಕ್ಕಿತೇ ಇಲ್ಲವೇ ಎಂಬುದು ಯಾರಿಗೂ ಬೇಡದ ವಿಷಯ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ಬೇಕಾದದ್ದು ಬೇರೆಯೇ ಇದೆ. ಅದನ್ನು ಹೇಳುತ್ತೇನೆ.

ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಅದೇ ಪಿಕಪ್. ಒಳಗೆ ಆಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿ. ಪಿಕಪ್ ಎಂಬುದು ಗಿಟಾರಿನ ಕಿವಿ, ಆದರೆ ಅದು ಗಾಳಿಯಲ್ಲಿನ ದನಿಯನ್ನು ಕೇಳುವುದಿಲ್ಲ, ಕಬ್ಬಿಣದ ನಡುಕವನ್ನು ಮಾತ್ರ ಕೇಳುತ್ತದೆ. ತಂತಿ ಹತ್ತಿರವಿದ್ದರೆ ಜೋರಾಗಿ, ದೂರವಿದ್ದರೆ ಮೆಲ್ಲಗೆ. ಆದ್ದರಿಂದ ಆರು ತಂತಿಗಳೂ ಒಂದೇ ಸಮನಾಗಿ ಕೇಳಬೇಕಾದರೆ ಈ ಕಿವಿಯನ್ನು ಏರಿಸಿ, ಇಳಿಸಿ, ಓರೆ ಮಾಡಿ ಕೂಡಿಸಬೇಕು. ಮೊದಲು ಪಟ್ಟಿಯ ಎರಡು ಬದಿಯ ಸ್ಕ್ರೂಗಳಿಂದ ಒಟ್ಟು ಎತ್ತರ, ಆಮೇಲೆ ದಪ್ಪ ತಂತಿಯ ಬದಿಗೂ ಸಣ್ಣ ತಂತಿಯ ಬದಿಗೂ ನಡುವಿನ ಓರೆ, ಕೊನೆಗೆ ಒಂದೊಂದು ತಂತಿಯ ಕೆಳಗಿನ ಪುಟ್ಟ ಸ್ಕ್ರೂ. ಈ ಕ್ರಮವನ್ನು ತಲೆಕೆಳಗು ಮಾಡಿದವರು ಇಡೀ ದಿನ ತಿರುಗಿಸುತ್ತಲೇ ಕೂರಬೇಕಾಗುತ್ತದೆ.

ಇದನ್ನು ನನಗೆ ಕಲಿಸಿದವರು ಸವಣೂರಿನ ಗೌಸ್ ಚಾಚಾ, ನಮ್ಮ ಕೋಣೆಯ ಹಿರಿಯ ಮಿಸ್ತ್ರಿ. ಅವರಿಗೊಂದು ಪದ್ಧತಿಯಿತ್ತು. ಗಿಟಾರನ್ನು ಪರೀಕ್ಷಿಸುವಾಗ ನುಡಿಸುವವರ ಕಡೆ ಬೆನ್ನು ಮಾಡಿ, ಗೋಡೆಗೆ ಮುಖವಿಟ್ಟು, ಸ್ಟೂಲಿನ ಮೇಲೆ ಕೂರುತ್ತಿದ್ದರು. ಊರಿಗೆ ದೊಡ್ಡ ಕಲಾವಿದನೇ ಬರಲಿ, ನಿನ್ನೆ ಮೊನ್ನೆ ಕಲಿತವನೇ ಬರಲಿ, ಚಾಚಾನ ಬೆನ್ನನ್ನೇ ನೋಡಿಕೊಂಡು ನುಡಿಸಬೇಕು.

ಮೊದಲ ಸಲ ಇದನ್ನು ಕಂಡಾಗ ನಾನು ಕೇಳಿದೆ: “ಚಾಚಾ, ಹಿಂಗ ಯಾಕ ಕುಂದರ್ತೀರಿ? ಮಂದಿ ಸಿಟ್ಟಾಗಂಗಿಲ್ಲೇನು?”

“ಆಗ್ತಾರವಾ. ಆದ್ರ ಮಾರಿ ನೋಡಿಕೋತ ಕೇಳಿದ್ರ ಕಿವಿ ಸುಳ್ಳು ಹೇಳತೈತಿ. ಚಂದನ್ನ ಅಂಗಿ ಹಾಕ್ಕೊಂಡಾವ ನುಡಿಸಿದ್ರ ಚಂದ ಕೇಳಸತೈತಿ. ಗ್ವಾಡಿಗೆ ಅಂಗಿ ಇಲ್ಲ ನೋಡು.”

ನಾನು ಓದಿದ ಶಾಲೆಯ ಗುರುಗಳು ಜಾತಿ, ಲಿಂಗ, ವಯಸ್ಸು ಯಾವುದೂ ಮನುಷ್ಯನ ಅಳತೆಗೋಲಲ್ಲವೆಂದು ಬೋಧಿಸಿದ್ದರು. ಆ ಮಾತನ್ನು ದಿನದ ಕೆಲಸದಲ್ಲಿ ಆಚರಿಸಬಹುದೆಂದು ತೋರಿಸಿಕೊಟ್ಟದ್ದು ಚಾಚಾನ ಸ್ಟೂಲು.

ಹಾನಗಲ್ಲಿನ ಬಸವಂತಣ್ಣ ಎಂಬ ಹಿರಿಯ ಗಿಟಾರ್ ವಾದಕರ ಪ್ರಸಂಗ ಹೇಳಬೇಕು. ದಸರೆಯ ಆಯುಧಪೂಜೆ ಕಳೆದ ಮೇಲೆ ಅವರು ತಮ್ಮ ಗಿಟಾರನ್ನು ಹೊತ್ತು ತಂದರು. ದಪ್ಪ ತಂತಿಗಳೆರಡೂ ಕೇಳುತ್ತಿಲ್ಲ, ತಂಡದವರು “ಅಣ್ಣಾಗ ವಯಸ್ಸಾತು, ಹೆಬ್ಬೆಟ್ಟಿನ ಕಸುವು ಹೋತು” ಎಂದು ಆಡಿಕೊಳ್ಳುತ್ತಿದ್ದಾರೆ ಎಂದರು. ಪೆಟ್ಟಿಗೆ ತೆರೆದರೆ ಪಿಕಪ್ ತುಂಬ ಅರಿಸಿನ, ಕುಂಕುಮ, ವಿಭೂತಿ, ಮೂರೂ ನೀರಿನಲ್ಲಿ ಕಲಸಿ ಬಳಿದದ್ದು, ಒಣಗಿ ಹಕ್ಕಳೆಗಟ್ಟಿತ್ತು.

ಚಾಚಾ ಇಣುಕಿ ನೋಡಿ, “ಏನಪಾ ಬಸವಂತ, ಇದಕ್ಕ ಒಗ್ಗರಣಿ ಹಾಕೀಯೇನು?” ಎಂದರು.

“ಖಂಡೇಪೂಜಿ ಮಾಡೇನ್ರಿ ಚಾಚಾ. ವರ್ಷಾ ಮಾಡತೇನಿ. ದನಿ ಎಲ್ಲಿ ಹುಟ್ಟತೈತಿ ಅಲ್ಲೇ ಹಚ್ಚಬೇಕಲ್ರಿ. ಹಿಂದ ಹಚ್ಚಿದ್ರ ದೇವರಿಗೆ ಹೆಂಗ ತಿಳೀಬೇಕು?”

“ದೇವರಿಗೆ ತಿಳೀತೈತಿ. ತುಕ್ಕಿಗೂ ತಿಳೀತೈತಿ.”

ವರ್ಷ ವರ್ಷದ ಪೂಜೆಯ ನೀರು ಸ್ಕ್ರೂಗಳ ಬುಡಕ್ಕಿಳಿದು, ದಪ್ಪ ತಂತಿಗಳ ಕೆಳಗಿನವೆರಡು ತುಕ್ಕು ಹಿಡಿದು ತಗ್ಗಿನಲ್ಲಿಯೇ ಕಚ್ಚಿಕೊಂಡಿದ್ದವು. ಅವು ತಿರುಗುತ್ತಲೇ ಇರಲಿಲ್ಲ. ಎಣ್ಣೆಯ ಹನಿ ಬಿಟ್ಟು, ಕಾವುಕಡ್ಡಿಯ ತುದಿಯಿಂದ ಸ್ಕ್ರೂವಿನ ತಲೆಯನ್ನಷ್ಟೇ ಬೆಚ್ಚಗೆ ಮಾಡಿ, ಆರಿಸಿ, ಮತ್ತೆ ಬೆಚ್ಚಗೆ ಮಾಡಿ ಬಿಡಿಸಿ, ಮೇಲೆತ್ತಿದೆವು. ಕಾವು ಹೆಚ್ಚಾದರೆ ಒಳಗಿನ ಸುರುಳಿ ಸತ್ತೇಹೋಗುತ್ತದೆ, ಹೊಸಬರು ಇದನ್ನು ನೆನಪಿಡಬೇಕು. ಬಸವಂತಣ್ಣನ ಹೆಬ್ಬೆಟ್ಟಿನ ಕಸುವು ಆ ಸಂಜೆಯೇ ಮರಳಿ ಬಂತು. ಪೂಜೆಯನ್ನು ಬಿಡಿರೆಂದು ನಾವು ಹೇಳಲಿಲ್ಲ. ಚಾಚಾ ತಮ್ಮ ಸಂಚಿಯಿಂದ ಸವಣೂರಿನ ವೀಳ್ಯದೆಲೆಯೊಂದನ್ನು ತೆಗೆದು ಪಿಕಪ್ಪಿನ ಮೇಲಿಟ್ಟು, “ಇನ್ನ ಮ್ಯಾಲ ಎಲಿ ಇಟ್ಟು ಎಲಿ ಮ್ಯಾಲ ಹಚ್ಚು. ಪೂಜಿನೂ ಆಗತೈತಿ, ಗಿಟಾರೂ ಉಳೀತೈತಿ” ಎಂದರು. ಬಸವಂತಣ್ಣ ಆ ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಇಲ್ಲಿ ತಪ್ಪು ಭಕ್ತಿಯದಲ್ಲ. ಇಂಥ ಸೂಕ್ಷ್ಮ ಯಂತ್ರವನ್ನು ಮಾರುವಾಗ “ಇದಕ್ಕೆ ನೀರು ಸೋಕಿಸಬೇಡಿರಿ” ಎಂಬ ಒಂದು ಮಾತನ್ನು ಕನ್ನಡದಲ್ಲಿ ಹೇಳದ ಅಂಗಡಿಯದು. ಅದಕ್ಕಿಂತ ದೊಡ್ಡ ತಪ್ಪು, ಗಿಟಾರಿನ ತುಕ್ಕನ್ನು ಮನುಷ್ಯನ ವಯಸ್ಸಿನ ಲೆಕ್ಕಕ್ಕೆ ಬರೆದ ತಂಡದವರದು.

ನಮ್ಮ ಮಾಲೀಕರನ್ನು ಊರೆಲ್ಲ ಸಾವುಕಾರರೆಂದು ಕರೆಯುತ್ತಿತ್ತು. ಕೆಟ್ಟವರಲ್ಲ. ನನಗೆ ಕಾಯಿಲೆಯಾದಾಗ ಮನೆಗೆ ಊಟ ಕಳಿಸಿದವರು. ಆದರೆ ದನಿಯೆಂದರೆ ಜೋರು, ಜೋರೆಂದರೆ ದನಿ ಎಂಬುದು ಅವರ ಸಿದ್ಧಾಂತ. ಒಂದು ಹಂಗಾಮಿನ ಮುಂಚೆ ಕೋಣೆಗೆ ಬಂದು, “ಸರೋಜಾ, ಎಲ್ಲಾ ಗಿಟಾರಿನ ಪಿಕಪ್ ಮ್ಯಾಗ ಎತ್ತಿಬಿಡು. ತಂತಿ ಮುಟ್ಟೂ ಹಂಗ. ನಮ್ಮ ಮಾಲಿನ ಸೌಂಡ್ ಕೇಳಿದ್ರ ಮಂದಿ ಎದ್ದು ಕುಂದರಬೇಕು” ಎಂದು ಅಪ್ಪಣೆ ಮಾಡಿದರು.

“ಅಷ್ಟು ಹತ್ತಿರ ಒಯ್ದರ ಮ್ಯಾಗ್ನೆಟ್ ತಂತೀನ ಜಗ್ಗತೈತ್ರಿ. ಸ್ವರ ನಡಗತೈತಿ.”

“ನಡಗಲಿ ಬಿಡು. ಥಂಡಿ ದಿನ.”

ಅವರು ನಕ್ಕರು, ಕೋಣೆಯವರೂ ನಕ್ಕರು. ಗಿಟಾರುಗಳು ಹಾಗೆಯೇ ಹೋದವು. ತಡಸದ ದಾದಾಪೀರ್ ಎಂಬ ವಾದಕ ಒಂದು ಮದುವೆಯಲ್ಲಿ ಎಷ್ಟು ಶ್ರುತಿ ಮಾಡಿದರೂ ದಪ್ಪ ತಂತಿಯ ಮೇಲಿನ ಸ್ವರಗಳು ಒಡೆದು ಎರಡಾಗಿ ಕೇಳತೊಡಗಿದವು. ಆಯಸ್ಕಾಂತವು ತಂತಿಯನ್ನು ಮುಕ್ತವಾಗಿ ಆಡಲು ಬಿಡದಿದ್ದರೆ ಹಾಗೆಯೇ ಆಗುತ್ತದೆ. “ಇವನಿಗೆ ಕಿವಿನ ಇಲ್ಲ” ಎಂದು ಹಾಡುವವರು ವೇದಿಕೆಯ ಮೇಲೆಯೇ ಮೈಕಿನಲ್ಲಿ ಹೇಳಿದರಂತೆ. ಮರುದಿನ ಗಿಟಾರನ್ನು ಮರಳಿಸಲು ಬಂದ ದಾದಾಪೀರ್ ಯಾರನ್ನೂ ಬೈಯಲಿಲ್ಲ. “ನನ್ನ ಕಿವೀನ ಒಂದು ಸಲ ಪರೀಕ್ಷೆ ಮಾಡ್ರಿ ಅಕ್ಕಾರ” ಎಂದಷ್ಟೇ ಕೇಳಿಕೊಂಡರು. ನಾನು ಪಿಕಪ್ಪನ್ನು ತುಸು ಇಳಿಸಿ ಅವರ ಕೈಗೆ ಕೊಟ್ಟೆ. ಅವರು ಒಂದೇ ತಂತಿಯನ್ನು ಮೀಟಿ, ಅದು ಆರುವವರೆಗೂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಗಿಟಾರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟರು. ಆ ಹಂಗಾಮು ಮುಗಿಯುವವರೆಗೂ ಅವರು ಮತ್ತೆ ನುಡಿಸಲಿಲ್ಲ. ಸಾವುಕಾರರ ಅಪ್ಪಣೆಯಿಂದ ಸಾವುಕಾರರಿಗೆ ಆದ ನಷ್ಟವೇನೂ ಇರಲಿಲ್ಲ. ಇದನ್ನು ನಾನು ಅವರಿಗೆ ಹೇಳಿದಾಗ ಅವರು ತಲೆ ಕೆರೆದುಕೊಂಡು, ಎಲ್ಲ ಗಿಟಾರುಗಳನ್ನೂ ಮೊದಲಿನಂತೆ ಇಳಿಸಲು ಒಪ್ಪಿದರು. ದಾದಾಪೀರರ ಊರಿಗೆ ಹೋಗಿ ಒಂದು ಮಾತು ಹೇಳಿ ಬನ್ನಿರೆಂದೆ. ಹೋಗಲಿಲ್ಲ.

ಚಾಚಾ ನಿವೃತ್ತರಾದ ಮೇಲೆ ಸ್ಟೂಲು ನನ್ನದಾಯಿತು. ಕಾಲವೂ ಬದಲಾಯಿತು. ಈಗಿನ ಮಕ್ಕಳು ಮೊಬೈಲನ್ನು ಆಂಪ್ಲಿಫೈಯರಿನ ಮುಂದಿಟ್ಟು, ಪ್ರತಿ ತಂತಿಯ ದನಿ ಎಷ್ಟೆತ್ತರಕ್ಕೆ ಏರಿತೆಂದು ಪರದೆಯ ಮೇಲೆ ನೋಡುತ್ತಾರೆ. ಒಳ್ಳೆಯದೇ. ನಾನೂ ಅದನ್ನು ಕಲಿತೆ, ಬಳಸಿದೆ. ಆದರೆ ಎಲ್ಲ ತಂತಿಗಳನ್ನೂ ಒಂದೇ ಜಾಗದಲ್ಲಿ, ಒಂದೇ ಬಲದಿಂದ ಮೀಟದಿದ್ದರೆ ಪರದೆಯೂ ಸುಳ್ಳು ಹೇಳುತ್ತದೆ. ಅಲ್ಲದೆ ಆ ವಾದಕರು ಯಾವ ತಂತಿಯನ್ನು ಹೆಚ್ಚು ಎಳೆಯುತ್ತಾರೆ, ಯಾವುದನ್ನು ಸವರುತ್ತಾರೆ ಎಂಬುದು ಪರದೆಗೆ ತಿಳಿಯದು. ನುಡಿಸುವವರನ್ನು ಜೊತೆಗೆ ಕೂರಿಸಿಕೊಳ್ಳದೆ ಪಿಕಪ್ಪಿಗೆ ಕೈ ಹಾಕಬೇಡಿರಿ.

ಶಕುಂತಲಾ ನನ್ನಲ್ಲಿಗೆ ಬಂದದ್ದು ನನ್ನ ಸೇವೆಯ ಕೊನೆಯ ಹಂಗಾಮಿನಲ್ಲಿ. ಗಿಟಾರನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಜೊತೆಯಲ್ಲಿ ಪ್ರಕಾಶ ಎಂಬ ತರುಣನಿದ್ದ. ಶಕುಂತಲಾ ಅವರಿಂದ ಗಿಟಾರು ಕಸಿದುಕೊಂಡ ಮೇಲೆ ಆ ಜಾಗಕ್ಕೆ ತಂದು ಕೂರಿಸಿದ್ದು ಅವನನ್ನೇ. ಇಬ್ಬರೂ ಒಟ್ಟಿಗೆ ಬಂದದ್ದನ್ನು ಕಂಡು ನನಗೆ ಆಶ್ಚರ್ಯವಾಯಿತು.

“ಅಕ್ಕಾರ, ಇದರಾಗ ಏನೋ ಐತ್ರಿ” ಎಂದು ಪ್ರಕಾಶನೇ ಮಾತು ತೆಗೆದ. “ಇವರು ನುಡಿಸುವಾಗ ಮೂರನೇ ತಂತಿ ಒದರತಿತ್ತು. ನಾ ನುಡಿಸಿದ್ರೂ ಒದರತೈತಿ. ಇವರಿಗೆ ‘ಹೆಣ್ಣಮಕ್ಕಳ ಕೈ, ಹದ ಇಲ್ಲ’ ಅಂದ್ರು. ನನಗ ‘ಗಂಡಸಿನ ಕೈ, ದಮ್ ಐತಿ’ ಅಂತಾರ.”

ಶಕುಂತಲಾ ನಗಲಿಲ್ಲ. “ದಪ್ಪ ತಂತಿ ಕೇಳಿಸಲಿ ಅಂತ ಜೋರ ಹೊಡದು ಹೊಡದು ನನ್ನ ಬೆರಳು ನೋಡ್ರಿ ಅಕ್ಕಾರ” ಎಂದು ಕೈ ಚಾಚಿದರು. ತೋರುಬೆರಳಿನ ಅಂಚು ಸೀಳಿತ್ತು. “ಅಪ್ಪ ಹೋದ ಮ್ಯಾಲ ಎಮ್ಮಿ ಮಾರಿ ಗಿಟಾರ್ ಕ್ಲಾಸಿಗೆ ಕಳಿಸ್ಯಾಳ ನಮ್ಮವ್ವ. ಖಂಜರಿ ಬಾರಸಾಕ ಕ್ಲಾಸಿಗೆ ಹೋಗಬೇಕಾಗಿರಲಿಲ್ಲ.”

ಗಿಟಾರು ನಮ್ಮ ಮಳಿಗೆಯದೇ. ಬಿಚ್ಚಿ ನೋಡಿದರೆ ಎರಡು ದೋಷಗಳು ಒಂದರ ಮೇಲೊಂದು ಕುಳಿತಿದ್ದವು. ಆ ಮಾದರಿಯ ಪಿಕಪ್ಪಿನಲ್ಲಿ ತಿರುಗಿಸುವ ಪುಟ್ಟ ಸ್ಕ್ರೂಗಳಿಲ್ಲ, ತಂತಿಗೊಂದರಂತೆ ಆಯಸ್ಕಾಂತದ ಗುಂಡುಕಡ್ಡಿಗಳನ್ನು ಏರುತಗ್ಗಾಗಿ ಶಾಶ್ವತವಾಗಿ ನೆಟ್ಟಿರುತ್ತಾರೆ. ಹಿಂದಿನ ಕಾಲದಲ್ಲಿ ಮೂರನೆಯ ತಂತಿಯೂ ಸುತ್ತು ಹಾಕಿದ ದಪ್ಪ ತಂತಿಯಾಗಿತ್ತು, ಅದರ ದನಿ ಕುಗ್ಗಿರುತ್ತಿದ್ದುದರಿಂದ ಅದರ ಕಡ್ಡಿಯನ್ನು ಎತ್ತರಕ್ಕೆ ಇಟ್ಟಿದ್ದರು. ಈಗ ಎಲ್ಲರೂ ಬರಿಯ ಉಕ್ಕಿನ ಎಳೆಯನ್ನು ಏರಿಸುತ್ತಾರೆ. ಎತ್ತರದ ಕಡ್ಡಿಯ ಮೇಲೆ ಬಲದ ತಂತಿ: ಕಿರುಚದೆ ಇನ್ನೇನು ಮಾಡೀತು? ಎರಡನೆಯ ದೋಷ ಸಾವುಕಾರರದು. ದಪ್ಪನೆಯ ಮೂರು ತಂತಿಗಳು ವಿದ್ಯುತ್ ಬೇಡದ ಸಾದಾ ಗಿಟಾರಿಗೆ ಹಾಕುವ ಕಂಚಿನ ಸುತ್ತಿನವು. ಬಿಡಿಯಾಗಿ ಸುಲಭಕ್ಕೆ ಸಿಗುತ್ತವೆಂದು ತಂದು ಹಾಕಿಸಿದ್ದರು. ಕಂಚಿನ ಮಾತು ಪಿಕಪ್ಪಿಗೆ ಕೇಳಿಸುವುದಿಲ್ಲ, ಒಳಗಿನ ತೆಳು ಉಕ್ಕಿನ ಎಳೆಯಷ್ಟೇ ಕೇಳುತ್ತದೆ. ಹೀಗೆ ಮೂರು ತಂತಿಗಳ ಬಾಯಿಗೆ ಬಟ್ಟೆ ತುರುಕಿ, ಒಂದರ ಕೈಗೆ ಮೈಕು ಕೊಟ್ಟು, ಶಕುಂತಲಾ ಅವರಿಗೆ “ಹದವಾಗಿ ನುಡಿಸು” ಎಂದು ಹೇಳಲಾಗಿತ್ತು.

ಮೂರನೆಯದಕ್ಕೆ ಹಳೆಯ ಕಾಲದ ಸುತ್ತಿನ ತಂತಿಯನ್ನೇ ಹಾಕೋಣವೆಂದೆ. ಅವರು ತಲೆಯಾಡಿಸಿದರು. “ಅದನ್ನ ಎಳ್ಯಾಕ ಬರಂಗಿಲ್ರಿ. ನಮ್ಮ ಹಾಡಿನ್ಯಾಗ ಸ್ವರ ಜಾರಿಸೂ ಮೀಂಡ್ ಇಲ್ಲಂದ್ರ ಹಾಡು ಕುಂಟತೈತಿ.” ಅವರ ಮಾತು ಸರಿಯಾಗಿತ್ತು. ಕಡ್ಡಿಯನ್ನು ಒಳಗೆ ಒತ್ತುವುದಂತೂ ಸಲ್ಲದು. ಸುರುಳಿಯನ್ನು ಅದಕ್ಕೇ ಸುತ್ತಿರುತ್ತಾರೆ, ಒತ್ತಿದರೆ ಹರಿಯುತ್ತದೆ. ಉಳಿದ ದಾರಿ ಒಂದೇ: ಉಕ್ಕಿನ ಸುತ್ತಿನ ದಪ್ಪ ತಂತಿಗಳು, ತುಸು ಸಣ್ಣನೆಯ ಮೂರನೆಯ ತಂತಿ, ಇಡೀ ಪಿಕಪ್ಪನ್ನು ಕೆಳಗಿಳಿಸಿ, ಸಣ್ಣ ತಂತಿಗಳ ಬದಿಯನ್ನು ಇನ್ನಷ್ಟು ತಗ್ಗಿಸುವುದು. ದನಿ ಒಟ್ಟಾರೆ ಕಡಿಮೆಯಾಗುತ್ತದೆ, ಅದನ್ನು ಆಂಪ್ಲಿಫೈಯರಿನಲ್ಲಿ ಏರಿಸಿಕೊಳ್ಳಬಹುದು.

ತಂತಿಗಾಗಿ ಸಾವುಕಾರರನ್ನು ಕೇಳಿದೆ. “ತಂತಿ ಅಂದ್ರ ತಂತಿ. ಕಂಚು, ಉಕ್ಕು ಅಂತ ಪುರಾಣ ಹಚ್ಚಬ್ಯಾಡ” ಎಂದರು. ಪ್ರಕಾಶನೇ ಹುಬ್ಬಳ್ಳಿಗೆ ಹೋಗಿ ತಂದ. ಅದೇ ಮಾದರಿಯ ಇನ್ನೊಂದು ಗಿಟಾರು ಕೋಣೆಯಲ್ಲಿತ್ತು, ಅದರಲ್ಲಿ ನನ್ನ ಕೆಲಸ ಮಾಡಿದೆ. ಶಕುಂತಲಾ ತಂದದ್ದನ್ನು, ಹೋಲಿಸಿ ಕೇಳಿಸಲೆಂದು, ಇದ್ದ ಹಾಗೆಯೇ ಇಟ್ಟೆ.

ತಂಡದ ಮುಖ್ಯಸ್ಥರು ವಿರೂಪಾಕ್ಷ ಮಾಸ್ತರು, ಹಾರ್ಮೋನಿಯಂ ವಿದ್ವಾಂಸರು. ಆಂಪ್ಲಿಫೈಯರ್ ಒಯ್ಯಲು ಅವರು ಬಂದ ದಿನ ಶಕುಂತಲಾ, ಪ್ರಕಾಶ ಇಬ್ಬರನ್ನೂ ಬರಹೇಳಿದ್ದೆ. ಮಾಸ್ತರಿಗೆ ಚಾಚಾನ ಸ್ಟೂಲು ತೋರಿಸಿದೆ.

“ಇದೇನ್ರಿ ಸರೋಜಕ್ಕ, ಸಾಲ್ಯಾಗ ಶಿಕ್ಷಾ ಕೊಟ್ಟಂಗ ಗ್ವಾಡಿಗೆ ಕುಂದ್ರಸ್ತೀರಿ?”

“ಶಿಕ್ಷಾ ಅಲ್ರಿ ಮಾಸ್ತರ. ನಾವೂ ಹಿಂಗ ಕುಂತು ಕೇಳತೇವಿ. ಯಾರು ನುಡಸಾಕತ್ಯಾರ ಹೇಳ್ರಿ ಸಾಕು.”

ಕುಳಿತರು. ಶಕುಂತಲಾ ತಂದಿದ್ದ ಗಿಟಾರನ್ನು ಮೊದಲು ಪ್ರಕಾಶ ನುಡಿಸಿದ. ಒಂದೇ ಸಾಲು, ಏರಿ ಇಳಿಯುವ ಸಾಲು. ಮಾಸ್ತರು ಕೈಯೆತ್ತಿ, “ಇದು ಶಕುಂತಲಾ. ಮೂರನೇ ತಂತಿ ಹೆಂಗ ಒದರತೈತಿ ಕೇಳ್ರಿ” ಎಂದರು. ಅದೇ ಗಿಟಾರನ್ನು, ಅದೇ ಸಾಲನ್ನು ಶಕುಂತಲಾ ನುಡಿಸಿದರು. “ಇದೂ ಆಕೀನ. ಎರಡೂ ಸಲ ಆಕೀಗೇ ಕೊಟ್ರೇನು?” ಎಂದರು. ಸರಿಪಡಿಸಿದ ಗಿಟಾರನ್ನು ಶಕುಂತಲಾ ಎತ್ತಿಕೊಂಡರು. ಸೀಳಿದ ಬೆರಳಿಗೆ ಪಟ್ಟಿಯಿತ್ತು. ಆರು ತಂತಿಗಳೂ ಒಂದೇ ಮನೆಯ ಮಕ್ಕಳಂತೆ ಮಾತಾಡಿದವು, ಮೀಂಡ್ ಎಳೆದಾಗ ಮೂರನೆಯದು ತನ್ನ ಸಾಲಿನಲ್ಲಿಯೇ ನಿಂತಿತು.

ಮಾಸ್ತರು ತಲೆದೂಗಿದರು. “ಹಾಂ, ಇದು ಪ್ರಕಾಶ. ಇದಕ್ಕ ಕೈ ಅಂತಾರ.”

“ಹೊಳ್ಳಿ ನೋಡ್ರಿ ಮಾಸ್ತರ” ಎಂದೆ.

ತಿರುಗಿದರು. ಗಿಟಾರು ಯಾರ ಮಡಿಲಲ್ಲಿದೆಯೆಂದು ನೋಡಿದರು. ಮೊದಲೆರಡು ಸಲ ಯಾರು ಯಾರು ನುಡಿಸಿದರೆಂದು ಪ್ರಕಾಶ ಹೇಳಿದ. ಮಾಸ್ತರ ಮುಖ ಕೆಂಪಾಗಲಿಲ್ಲ, ಸಿಟ್ಟೂ ಬರಲಿಲ್ಲ. ಅವರು ಸಂಗೀತ ಬಲ್ಲವರು, ಕಿವಿಗೆ ಕೇಳಿದ್ದನ್ನು ಅಲ್ಲಗಳೆಯುವುದು ಅವರಿಂದಾಗಲಿಲ್ಲ. ಆದರೆ ಕೇಳಿದ್ದನ್ನು ನಡೆಸುವುದೂ ಆಗಲಿಲ್ಲ.

“ಖರೆ ಐತಿ. ನನ್ನ ಕಿವಿ ತಪ್ಪಿತು” ಎಂದರು. “ಆದ್ರ ಈ ಹಂಗಾಮಿಗೆ ಪ್ರಕಾಶನ ಹೆಸರಿಲೆ ಎಲ್ಲಾ ಕಡೆ ಮಾತು ಕೊಟ್ಟಾಗೇತಿ. ಮಂದಿ ಕೇಳೂದು ಕಣ್ಣೀಲೆರಿ, ನಾ ಏನ್ ಮಾಡ್ಲಿ? ಮುಂದಿನ ಹಂಗಾಮಿಗೆ ನೋಡೂನು ತಂಗಿ.”

ಶಕುಂತಲಾ ಗಿಟಾರನ್ನು ಕೆಳಗಿಡದೆ ಹೇಳಿದರು: “ಹಂಗಾದ್ರ ಮಂದಿ ಎಲ್ಲಾರಿಗೂ ಒಂದೊಂದು ಸ್ಟೂಲ್ ಹಾಕಸೂನ್ರಿ ಮಾಸ್ತರ, ಗ್ವಾಡಿ ಕಡೆ ಮಾರಿ ಮಾಡಿ.”

ಪ್ರಕಾಶ ನಕ್ಕ. ಮಾಸ್ತರೂ ನಕ್ಕರು, ನಗುತ್ತಲೇ ಕಣ್ಣು ತಪ್ಪಿಸಿದರು. “ನಾ ಬಿಡತೇನ್ರಿ, ಆಕೀಗೇ ಕೊಡ್ರಿ” ಎಂದು ಪ್ರಕಾಶ ಅಂದದ್ದಕ್ಕೆ ಅವರು ಕಿವಿಗೊಡಲಿಲ್ಲ. ಆ ಹಂಗಾಮಿನಲ್ಲಿ ಶಕುಂತಲಾ ಖಂಜರಿ ಹಿಡಿದು ನಿಂತರು. ನಾನು ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಖಂಜರಿಯ ತಾಳ ಒಂದಿಷ್ಟೂ ತಪ್ಪಲಿಲ್ಲ, ಆದರೆ ಗಿಟಾರಿನ ಸಾಲು ಬಂದಾಗಲೆಲ್ಲ ಅವರ ಎಡಗೈಯ ಬೆರಳುಗಳು ಖಂಜರಿಯ ಅಂಚಿನ ಮೇಲೆ ತಾವಾಗಿಯೇ ಆ ಸ್ವರಗಳನ್ನು ಹಿಡಿಯುತ್ತಿದ್ದವು.

ಆಮೇಲೆ ನಾನು ನಿವೃತ್ತಳಾದೆ. ಸಾವುಕಾರರು ಶಾಲು ಹೊದಿಸಿದರು. ಕಂಚಿನ ತಂತಿಗಳು ಈಗಲೂ ಉಳಿದ ಗಿಟಾರುಗಳ ಮೇಲಿವೆಯೆಂದು ಕೋಣೆಗೆ ಹೊಸದಾಗಿ ಸೇರಿರುವ ಹುಡುಗಿ ಹೇಳುತ್ತಾಳೆ. ಸ್ಟೂಲು ಮಾತ್ರ ಗೋಡೆಯ ಕಡೆಗೇ ಇದೆಯಂತೆ.

ಗಣೇಶನ ಹಬ್ಬ ಹತ್ತಿರ ಬಂದಿದೆ. ಮಾಸ್ತರು ಹೇಳಿದ ಮುಂದಿನ ಹಂಗಾಮು ಇದೇ. ಆದ್ದರಿಂದ ಇದನ್ನು ನೆನಪಿನ ಮಾತೆಂದು ಮುಗಿಸಲಾರೆ. ಸಾವುಕಾರರೇ, ಹಂಗಾಮು ತೊಡಗುವ ಮೊದಲು ನಿಮ್ಮ ವಿದ್ಯುತ್ ಗಿಟಾರುಗಳ ಮೇಲಿನ ಕಂಚಿನ ತಂತಿಗಳನ್ನೆಲ್ಲ ತೆಗೆಸಿರಿ. ಪ್ರತಿ ಗಿಟಾರಿನ ಪಿಕಪ್ಪನ್ನು ಅದನ್ನು ನುಡಿಸುವವರ ಎದುರಿನಲ್ಲಿಯೇ ಸರಿಪಡಿಸಿ ಕೊಡಿರಿ. ತಂಡಗಳ ಮುಖ್ಯಸ್ಥರೇ, ಯಾವ ವಾದಕರನ್ನೇ ಆಗಲಿ ಕೈ ಸರಿಯಿಲ್ಲವೆಂದು ತೆಗೆಯುವ ಮುನ್ನ ಅದೇ ಗಿಟಾರನ್ನು ಇನ್ನೊಬ್ಬರ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕುಳಿತು ಕೇಳಿರಿ. ವಿರೂಪಾಕ್ಷ ಮಾಸ್ತರೇ, ನೀವು ಈಗಾಗಲೇ ಕೇಳಿದ್ದೀರಿ, ತೀರ್ಪನ್ನೂ ನಿಮ್ಮ ಬಾಯಿಂದಲೇ ಹೇಳಿದ್ದೀರಿ. ಇನ್ನು ಪರೀಕ್ಷೆ ಬೇಕಿಲ್ಲ. ಗಣೇಶ ಚೌತಿಯ ಮೊದಲ ಕಾರ್ಯಕ್ರಮದಲ್ಲಿ ಶಕುಂತಲಾ ಅವರ ಕೈಯಿಂದ ಆ ಖಂಜರಿಯನ್ನು ನೀವೇ ತೆಗೆದುಕೊಂಡು, ಅವರ ಗಿಟಾರನ್ನು ಅವರಿಗೆ ಮರಳಿ ಕೊಡಿರಿ.